ಗಾಡಿ ಹೊರಟಿತೋ, ಹೊರಡುತ್ತಿತ್ತೋ, ಹೊರಟುಹೋಗಿತ್ತೋ: ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಮುಂಬಯಿಯ ಮಾಟುಂಗದಲ್ಲಿ ಭಾನುವಾರ ಬೆಳಿಗ್ಗೆ ನಾನು ಏಳೆಂಟು ಮಂದಿ ಕನ್ನಡದ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬ ಮುಖ ಸಣ್ಣದು ಮಾಡಿಕೊಂಡು ಬಂದ. ಕುಂದಾಪುರದ ಕಡೆಯವನು. ಥಾಣೆಯ ಹೋಟೆಲೊಂದರ ಗಲ್ಲಾದಲ್ಲಿ ನಾಲ್ಕು ವರ್ಷ ಕುಳಿತು, ಜೊತೆಜೊತೆಗೇ ಓದಿ ಬಿ.ಕಾಂ. ಮುಗಿಸಿದವನು. ಅಂಧೇರಿಯ ಕಂಪನಿಯೊಂದರಲ್ಲಿ ಅವನಿಗೆ ಸಂದರ್ಶನವಿತ್ತು. ಲೆಕ್ಕಪತ್ರದ ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರ ಹೇಳಿದ್ದ. ಕೊನೆಗೆ ಅವರು, ‘ಕೆಲಸದಲ್ಲಿ ನೀವು ಎದುರಿಸಿದ ಒಂದು ಕಷ್ಟದ ದಿನದ ಬಗ್ಗೆ ಹೇಳಿ’ ಎಂದು ಕೇಳಿದರಂತೆ.

ಅವನ ಬಳಿ ಒಳ್ಳೆಯ ಕಥೆಯೇ ಇತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ ಕುರ್ಲಾ ಮತ್ತು ಸಾಯನ್ ನಡುವೆ ಹಳಿಗಳ ಮೇಲೆ ನೀರು ನಿಂತು ಗಾಡಿಗಳು ನಿಂತಿದ್ದವು. ಅಡುಗೆಯವರು ಬರಲಿಲ್ಲ. ಸ್ಟೇಷನ್ನಿನಿಂದ ಹಿಂದಿರುಗಿದ ಜನ ನೆನೆದ ಬಟ್ಟೆಯಲ್ಲಿ ಹೋಟೆಲಿನೊಳಗೆ ಬಂದು ಕುಳಿತರು. ಇವನೇ ಒಲೆ ಹಚ್ಚಿ ನಲವತ್ತು ಮಂದಿಗೆ ಉಪ್ಪಿಟ್ಟು ಮಾಡಿ ಬಡಿಸಿದ. ಆದರೆ ಸಂದರ್ಶನದಲ್ಲಿ ಅವನ ಬಾಯಿಂದ ಬಂದದ್ದು ಹೀಗೆ: ‘ಐ ಹ್ಯಾಡ್ ಗಾನ್ ಟು ಹೋಟೆಲ್ ಅಟ್ ಸಿಕ್ಸ್. ಕುಕ್ ಡಿಡ್ ನಾಟ್ ಕೇಮ್. ಟ್ರೇನ್ಸ್ ಸ್ಟಾಪ್ಡ್. ಪೀಪಲ್ ಹ್ಯಾಡ್ ಕಮ್ ಇನ್‌ಸೈಡ್. ಐ ವಾಸ್ ಮೇಕಿಂಗ್ ಉಪ್ಪಿಟ್ಟು.’

‘ಯಾವುದು ಮೊದಲು, ಯಾವುದು ಆಮೇಲೆ ಎಂದು ಎರಡು ಸಲ ಕೇಳಿದರು ಸರ್’ ಎಂದ. ‘ಪದಗಳೆಲ್ಲ ನನಗೆ ಗೊತ್ತಿದ್ದವು. ಆದರೂ ಅವರಿಗೆ ತಿಳಿಯಲಿಲ್ಲ.’

ಇಂಥ ಪ್ರಶ್ನೆ ಈಗ ಎಲ್ಲ ಕಡೆ ಬರುತ್ತದೆ. ನಿಮಗೆ ಏನು ಗೊತ್ತು ಎಂದು ಕೇಳುವುದರ ಜೊತೆಗೆ, ನೀವು ಏನು ಮಾಡಿದಿರಿ, ಒಂದು ಪ್ರಸಂಗ ಹೇಳಿ ಎಂದು ಕೇಳುವ ಕಂಪನಿಗಳು ಹೆಚ್ಚಾಗಿವೆ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ವಿಭಾಗದಲ್ಲೂ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತನಾಡಿಸುತ್ತಾರೆ. ಅನೇಕ ವೇಳೆ ಆ ಚೀಟಿಯಲ್ಲಿರುವುದು ನಿಮ್ಮ ಬದುಕಿನ ಒಂದು ಘಟನೆಯನ್ನು ಹೇಳಿ ಎಂಬ ಸೂಚನೆಯೇ. ವಿಮೆಯ ಅರ್ಜಿಯಲ್ಲಿ ಅಪಘಾತ ಹೇಗಾಯಿತು ಎಂದು ಬರೆಯಬೇಕಾದವರದೂ ಇದೇ ಪಾಡು. ಕಥೆ ಹೇಳಲು ಬೇಕಾದ ಸಾಮಗ್ರಿ ಇಂಗ್ಲಿಷಿನಲ್ಲಿ ಕೆಲವೇ ಕೆಲವು. ಅವುಗಳಲ್ಲಿ ಹೆಚ್ಚಿನವು ಕನ್ನಡದವರಿಗೆ ಆಗಲೇ ಗೊತ್ತಿವೆ. ತೊಡಕಿರುವುದು ಎರಡು ಮೂರು ಕಡೆ ಮಾತ್ರ.

ಎಷ್ಟು ಹಳೆಯದು ಎಂಬುದು ಲೆಕ್ಕಕ್ಕಿಲ್ಲ

ಶಾಲೆಯಲ್ಲಿ ನಮಗೆ ಕಾಲಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಸಿಂಪಲ್ ಪಾಸ್ಟ್, ಪಾಸ್ಟ್ ಕಂಟಿನ್ಯೂಯಸ್, ಪಾಸ್ಟ್ ಪರ್ಫೆಕ್ಟ್ ಎಂದು ಹೆಸರುಗಳು ನೆನಪಿರುತ್ತವೆ. ಆದರೆ ಮೂರೂ ಭೂತಕಾಲವೇ ಆಗಿರುವಾಗ ಮೂರು ಏಕೆ ಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ನನ್ನ ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ‘ಹ್ಯಾಡ್’ ಬಂದರೆ ಅದು ಬಹಳ ಹಿಂದೆ ನಡೆದದ್ದು.

ಅದು ತಪ್ಪು ತಿಳಿವಳಿಕೆ. ಬೋರಿಬಂದರಿನಿಂದ ಥಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಇಂಗ್ಲಿಷಿನಲ್ಲಿ ಅದನ್ನು ‘ದಿ ಫಸ್ಟ್ ಟ್ರೇನ್ ರ‍್ಯಾನ್ ಇನ್ 1853’ ಎಂದೇ ಹೇಳುತ್ತಾರೆ. ನೂರೆಪ್ಪತ್ತು ವರ್ಷ ದಾಟಿದರೂ ಅಲ್ಲಿ ‘ಹ್ಯಾಡ್’ ಇಲ್ಲ. ಈ ದಿನ ಬೆಳಿಗ್ಗೆ ಐದು ನಿಮಿಷದ ಹಿಂದೆ ನನ್ನ ಕೈ ತಪ್ಪಿದ ಲೋಕಲ್ ಗಾಡಿಗೆ ಮಾತ್ರ ‘ದಿ ಟ್ರೇನ್ ಹ್ಯಾಡ್ ಲೆಫ್ಟ್ ವೆನ್ ಐ ರೀಚ್ಡ್’ ಎನ್ನಬೇಕಾಗುತ್ತದೆ. ಘಟನೆ ಎಷ್ಟು ಹಳೆಯದು ಎಂಬುದನ್ನು ಈ ರೂಪಗಳು ಹೇಳುವುದಿಲ್ಲ. ಕಥೆಯಲ್ಲಿ ಆ ಘಟನೆ ಎಲ್ಲಿ ನಿಂತಿದೆ, ಮುಂದೆಯೋ, ಹಿನ್ನೆಲೆಯಲ್ಲೋ, ಆಗಲೇ ಮುಗಿದುಹೋದ ಜಾಗದಲ್ಲೋ ಎಂಬುದನ್ನು ಹೇಳುತ್ತವೆ.

ದಾದರ್ ಪ್ಲಾಟ್‌ಫಾರ್ಮಿನ ಮೂರು ವಾಕ್ಯ

ನೀವು ಮೆಟ್ಟಿಲು ಇಳಿದು ದಾದರಿನ ಪ್ಲಾಟ್‌ಫಾರ್ಮಿಗೆ ಬಂದಿರಿ ಎಂದುಕೊಳ್ಳಿ.

‘ವೆನ್ ಐ ರೀಚ್ಡ್, ದಿ ಟ್ರೇನ್ ಲೆಫ್ಟ್.’ ನೀವು ಬಂದಿರಿ, ಆಮೇಲೆ ಗಾಡಿ ಹೊರಟಿತು. ನೀವು ಬರಲೆಂದೇ ಕಾದಿತ್ತೇನೋ ಎನ್ನುವ ಹಾಗೆ.

‘ವೆನ್ ಐ ರೀಚ್ಡ್, ದಿ ಟ್ರೇನ್ ವಾಸ್ ಲೀವಿಂಗ್.’ ಗಾಡಿ ಹೊರಡುತ್ತಿತ್ತು. ಬಾಗಿಲಿನಲ್ಲಿ ಜೋತುಬಿದ್ದವರು ಕಣ್ಣ ಮುಂದೆಯೇ ಸರಿಯುತ್ತಿದ್ದರು.

‘ವೆನ್ ಐ ರೀಚ್ಡ್, ದಿ ಟ್ರೇನ್ ಹ್ಯಾಡ್ ಲೆಫ್ಟ್.’ ಗಾಡಿ ಹೊರಟುಹೋಗಿತ್ತು. ಹಿಂದಿನ ದೀಪ ಕೂಡ ಕಾಣಲಿಲ್ಲ.

ಮೂರರಲ್ಲೂ ಪದಗಳು ಬಹುತೇಕ ಅವೇ. ಬದಲಾದದ್ದು ಕ್ರಿಯಾಪದದ ರೂಪ ಮಾತ್ರ. ಅಷ್ಟಕ್ಕೇ ನಿಮ್ಮ ದಿನವೇ ಬೇರೆಯಾಗುತ್ತದೆ. ಕನ್ನಡದಲ್ಲೂ ಹೊರಟಿತು, ಹೊರಡುತ್ತಿತ್ತು, ಹೊರಟುಹೋಗಿತ್ತು ಎಂಬ ಮೂರಕ್ಕೂ ಇದೇ ಅಂತರವಿದೆ. ಈ ಅಂತರವನ್ನು ಯಾರೂ ನಿಮಗೆ ಕಲಿಸಬೇಕಾಗಿಲ್ಲ, ಮೂರು ವರ್ಷದ ಮಗುವಾಗಿದ್ದಾಗಿನಿಂದ ನೀವು ಬಳಸುತ್ತಿದ್ದೀರಿ. ಇದನ್ನು ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದಾಗ ಹುಡುಗರ ಮುಖದಲ್ಲಿ ಮೂಡುವ ಸಮಾಧಾನವನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸ್ಲೋ ಲೋಕಲಿನ ಹಾಗೆ, ಒಂದಾದ ಮೇಲೆ ಒಂದು

ಸಿಂಪಲ್ ಪಾಸ್ಟ್ ಕಥೆಯ ಬೆನ್ನೆಲುಬು. ಹೋದೆ, ನೋಡಿದೆ, ಕೇಳಿದೆ, ತಂದೆ ಎಂಬ ರೂಪ. ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ದಾದರ್, ಮಾಟುಂಗ, ಸಾಯನ್, ಕುರ್ಲಾ ಎಂದು ಒಂದೊಂದೇ ನಿಲ್ದಾಣದಲ್ಲಿ ನಿಲ್ಲುತ್ತದಲ್ಲ, ಹಾಗೆ ಈ ರೂಪದಲ್ಲಿ ಹೇಳಿದ ಪ್ರತಿಯೊಂದು ಕ್ರಿಯೆಯೂ ಒಂದು ನಿಲ್ದಾಣ. ನೀವು ಹೇಳಿದ ಕ್ರಮವೇ ನಡೆದ ಕ್ರಮ ಎಂದು ಕೇಳುವವರು ತಿಳಿಯುತ್ತಾರೆ. ‘ಕುಕ್ ಬರಲಿಲ್ಲ, ಗಾಡಿ ನಿಂತಿತು’ ಎಂದು ನಮ್ಮ ಹುಡುಗ ಎರಡನ್ನೂ ಸಿಂಪಲ್ ಪಾಸ್ಟಿನಲ್ಲಿ ಹೇಳಿದಾಗ, ಅಡುಗೆಯವರು ಬಾರದ ಮೇಲೆ ಗಾಡಿ ನಿಂತಿತು ಎಂದು ಅವರಿಗೆ ಕೇಳಿಸಿತು. ಗೊಂದಲ ಹುಟ್ಟಿದ್ದು ಅಲ್ಲಿ.

ಇಲ್ಲಿ ಕನ್ನಡದವರಿಗೆ ಬರುವ ತೊಡಕು ಬೇರೆ ಬಗೆಯದು. ನಾವು ಕಥೆ ಹೇಳುವಾಗ ಕ್ರಿಯೆಗಳನ್ನು ಹೂವಿನಂತೆ ಪೋಣಿಸುತ್ತೇವೆ: ಬಸ್ಸಿನಿಂದ ಇಳಿದು, ರಸ್ತೆ ದಾಟಿ, ಅಂಗಡಿಗೆ ಹೋಗಿ, ಹಾಲು ತಂದೆ. ನಾಲ್ಕು ಕ್ರಿಯೆಗಳಿದ್ದರೂ ಭೂತಕಾಲದ ಪೂರ್ಣರೂಪ ಕೊನೆಯ ‘ತಂದೆ’ಗೆ ಮಾತ್ರ. ಇಳಿದು, ದಾಟಿ, ಹೋಗಿ ಎಂಬವು ಅದರ ಬಾಲ ಹಿಡಿದು ಬರುತ್ತವೆ. ಇಂಗ್ಲಿಷಿನಲ್ಲಿ ಈ ಪೋಣಿಸುವ ದಾರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅದಕ್ಕಾಗಿ ನಮ್ಮವರು ‘ಆಫ್ಟರ್ ಗೆಟಿಂಗ್ ಡೌನ್ ಫ್ರಮ್ ಬಸ್, ಆಫ್ಟರ್ ಕ್ರಾಸಿಂಗ್ ರೋಡ್, ಆಫ್ಟರ್ ಗೋಯಿಂಗ್ ಟು ಶಾಪ್’ ಎಂದು ಎಳೆಯುತ್ತಾ ಹೋಗುತ್ತಾರೆ. ಕೇಳುವವರಿಗೆ ಉಸಿರು ಕಟ್ಟುತ್ತದೆ.

ಇಂಗ್ಲಿಷಿನಲ್ಲಿ ಪ್ರತಿ ಕ್ರಿಯೆಗೂ ಅದರದೇ ಪೂರ್ಣರೂಪ ಕೊಡಿ: ‘ಐ ಗಾಟ್ ಆಫ್ ದಿ ಬಸ್, ಕ್ರಾಸ್ಡ್ ದಿ ರೋಡ್, ವೆಂಟ್ ಟು ದಿ ಶಾಪ್ ಅಂಡ್ ಬಾಟ್ ಮಿಲ್ಕ್.’ ಇಳಿದೆ, ದಾಟಿದೆ, ಹೋದೆ, ಕೊಂಡೆ. ಕನ್ನಡದ ಕಿವಿಗೆ ಇದು ಸ್ವಲ್ಪ ಕುಟ್ಟಿದಂತೆ ಕೇಳಿಸಬಹುದು. ಇಂಗ್ಲಿಷಿನ ಕಿವಿಗೆ ಅದೇ ಹಿತ.

‘ಗೋ’ ಎಂಬುದರ ಭೂತಕಾಲ ‘ವೆಂಟ್’ ಹೇಗಾಯಿತು, ಇದೆಲ್ಲಿಯ ನ್ಯಾಯ ಎಂದು ಬೇಸರಪಡುವವರಿದ್ದಾರೆ. ‘ವೆಂಡ್’ ಎಂಬ ಹಳೆಯ ಬೇರೆ ಕ್ರಿಯಾಪದವೊಂದರ ಭೂತರೂಪವೇ ‘ವೆಂಟ್’. ಕಾಲಕ್ರಮದಲ್ಲಿ ಅದು ‘ಗೋ’ ಜೊತೆ ಬಂದು ಸೇರಿಕೊಂಡಿತು. ನಮ್ಮಲ್ಲೂ ಬರು–ಬಂದ, ಕೊಡು–ಕೊಟ್ಟ, ನಗು–ನಕ್ಕ, ಏಳು–ಎದ್ದ, ಬೀಳು–ಬಿದ್ದ ಎಂದು ನಿಯಮ ಮೀರಿದವು ಬೇಕಾದಷ್ಟಿವೆ. ಎರಡು ಭಾಷೆಯಲ್ಲೂ ಹೀಗೆ ಹಟ ಹಿಡಿದವು ದಿನಬಳಕೆಯ ಪದಗಳೇ. ಬಳಸಿ ಬಳಸಿ ಬಾಯಿಗೆ ಕೂರಿಸಿಕೊಳ್ಳುವುದೊಂದೇ ದಾರಿ.

ಹಿಂದೆ ಹರಡಿಕೊಂಡಿದ್ದದ್ದು

ಮುಂಬಯಿಯಲ್ಲಿ ಒಂದು ವಯಸ್ಸು ದಾಟಿದವರೆಲ್ಲರ ಬಳಿಯೂ 2005ರ ಜುಲೈ 26ರ ಕಥೆಯಿದೆ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ ಅದು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ನಾನಾಗ ಕೊಲಾಬಾದ ಪಕ್ಕದ ಫೋರ್ಟಿನ ಕಚೇರಿಯಲ್ಲಿದ್ದೆ. ನನ್ನ ಕಥೆ ಶುರುವಾಗುವುದು ಹೀಗೆ: ‘ಇಟ್ ವಾಸ್ ಡ್ರಿಝ್ಲಿಂಗ್ ವೆನ್ ಐ ಲೆಫ್ಟ್ ದಿ ಆಫೀಸ್.’ ನಾನು ಕಚೇರಿಯಿಂದ ಹೊರಟಾಗ ಮಳೆ ಸಣ್ಣಗೆ ಬೀಳುತ್ತಿತ್ತು.

ಹೊರಟದ್ದು ಒಂದು ಕ್ಷಣ. ಮಳೆ ಅದಕ್ಕೆ ಮೊದಲೇ ಶುರುವಾಗಿತ್ತು, ಆಮೇಲೂ ಮುಂದುವರಿಯಿತು. ಹೀಗೆ ಕಥೆಯ ಹಿಂದೆ ಹಾಸಿಕೊಂಡಿರುವುದನ್ನು ಹೇಳಲು ಪಾಸ್ಟ್ ಕಂಟಿನ್ಯೂಯಸ್ ಬೇಕು. ಅದು ಒಂದು ಕ್ರಿಯೆಯ ಆರಂಭವನ್ನೂ ತೋರಿಸುವುದಿಲ್ಲ, ಅಂತ್ಯವನ್ನೂ ತೋರಿಸುವುದಿಲ್ಲ. ನಡುವೆ ನಮ್ಮನ್ನು ನಿಲ್ಲಿಸುತ್ತದೆ. ‘ಕೊಲಾಬಾದ ಜನರಿಗೆ ಕುರ್ಲಾದಲ್ಲಿ ಏನಾಗುತ್ತಿತ್ತು ಎಂದು ಗೊತ್ತಿರಲಿಲ್ಲ’ ಎನ್ನುವಾಗಲೂ ಅಷ್ಟೇ: ‘ದೆ ಡಿಡ್ ನಾಟ್ ನೋ ವಾಟ್ ವಾಸ್ ಹ್ಯಾಪನಿಂಗ್ ಇನ್ ಕುರ್ಲಾ.’

ಇದನ್ನು ಕಲಿತವರು ಮಾಡುವ ತಪ್ಪು, ಇಡೀ ಕಥೆಯನ್ನೇ ‘ವಾಸ್’ ಮೇಲೆ ಓಡಿಸುವುದು. ‘ಐ ವಾಸ್ ಮೇಕಿಂಗ್ ಉಪ್ಪಿಟ್ಟು’ ಎಂದು ನಮ್ಮ ಹುಡುಗ ನಿಲ್ಲಿಸಿದಾಗ, ಉಪ್ಪಿಟ್ಟು ಮಾಡುತ್ತಿದ್ದಾಗ ಏನೋ ಆಯಿತು ಎಂದು ಕೇಳುವವರು ಕಾಯತೊಡಗಿದರು. ಏನೂ ಆಗಲಿಲ್ಲ. ಅವನು ಹೇಳಬೇಕಾಗಿದ್ದದ್ದು ‘ಐ ಮೇಡ್ ಉಪ್ಪಿಟ್ಟು’, ಮಾಡಿದೆ, ಮುಗಿಯಿತು. ಹಿನ್ನೆಲೆಯ ಪರದೆಗೆ ಒಂದೆರಡು ವಾಕ್ಯ ಸಾಕು. ಆಮೇಲೆ ಪಾತ್ರಗಳು ರಂಗಕ್ಕೆ ಬರಬೇಕು.

ಇನ್ನೊಂದು ಎಚ್ಚರ. ಗೊತ್ತಿತ್ತು, ಬೇಕಿತ್ತು, ಇತ್ತು ಎಂಬಂಥವು ಕ್ರಿಯೆಗಳಲ್ಲ, ಸ್ಥಿತಿಗಳು. ಇವಕ್ಕೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ವಾಸ್’ ಮತ್ತು ‘ಇಂಗ್’ ಹತ್ತುವುದಿಲ್ಲ. ‘ಐ ವಾಸ್ ನೋಯಿಂಗ್ ಹಿಮ್’ ಅಲ್ಲ, ‘ಐ ನ್ಯೂ ಹಿಮ್’. ‘ಐ ವಾಸ್ ಹ್ಯಾವಿಂಗ್ ಟೂ ಹಂಡ್ರೆಡ್ ರುಪೀಸ್’ ಅಲ್ಲ, ‘ಐ ಹ್ಯಾಡ್ ಟೂ ಹಂಡ್ರೆಡ್ ರುಪೀಸ್’. ಕನ್ನಡದಲ್ಲಿ ನಾವು ‘ಗೊತ್ತಾಗುತ್ತಿತ್ತು’ ಎನ್ನುವುದು ತಿಳಿವು ಒಳಗೆ ಬರುತ್ತಿದ್ದಾಗ. ತಿಳಿದಿದ್ದದ್ದಕ್ಕೆ ‘ಗೊತ್ತಿತ್ತು’ ಎಂದೇ ಹೇಳುತ್ತೇವೆ. ಆ ‘ಗೊತ್ತಿತ್ತು’ವನ್ನು ನೆನೆದುಕೊಂಡರೆ ಸಾಕು.

‘ಹೋಗಿದ್ದೆ’ ಎಂಬಲ್ಲಿ ಕಾಲು ಜಾರುವುದು

ಎಲ್ಲಕ್ಕಿಂತ ದೊಡ್ಡ ತೊಡಕು ಇಲ್ಲಿದೆ.

‘ನಿನ್ನೆ ಎಲ್ಲಿದ್ದೆ?’ ಎಂದು ಕೇಳಿದರೆ ನಾವು, ‘ಮಾಟುಂಗಕ್ಕೆ ಹೋಗಿದ್ದೆ’ ಎನ್ನುತ್ತೇವೆ. ಅಲ್ಲಿಗೆ ಮಾತು ಮುಗಿಯಿತು. ಹೋಗಿ ಬಂದದ್ದಾಯಿತು. ಅದರ ಬದಲು, ‘ನಿನ್ನೆ ಮಾಟುಂಗಕ್ಕೆ ಹೋದೆ’ ಎಂದರೆ ಕೇಳುವವರು ‘ಹೂಂ, ಆಮೇಲೆ?’ ಎನ್ನುತ್ತಾರೆ. ಕಥೆ ಈಗಷ್ಟೇ ಶುರುವಾಯಿತು ಎಂದು ಅವರಿಗೆ ಅನ್ನಿಸುತ್ತದೆ. ಕನ್ನಡದಲ್ಲಿ ‘ಹೋಗಿದ್ದೆ’ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ‘ಹೋದೆ’ ಮುಂದಿನದಕ್ಕೆ ಕೈ ಚಾಚುತ್ತದೆ.

ಇಂಗ್ಲಿಷಿನಲ್ಲಿ ಇದು ನೇರ ತಿರುಗುಮುರುಗು. ‘ಐ ವೆಂಟ್ ಟು ಮಾಟುಂಗ ಎಸ್ಟರ್‌ಡೇ’ ಎಂಬುದು ಪೂರ್ಣ ವಾಕ್ಯ; ಹೋಗಿ ಬಂದೆ ಎಂಬುದು ಅದರಲ್ಲೇ ಇದೆ. ‘ಐ ಹ್ಯಾಡ್ ಗಾನ್ ಟು ಮಾಟುಂಗ ಎಸ್ಟರ್‌ಡೇ’ ಎಂದರೆ ಕೇಳುವವರು ಕಾಯುತ್ತಾರೆ. ಏಕೆಂದರೆ ಇಂಗ್ಲಿಷಿನ ‘ಹ್ಯಾಡ್ ಗಾನ್’ ಒಂಟಿಯಾಗಿ ನಿಲ್ಲಲಾರದು. ಅದು ಒರಗಿಕೊಳ್ಳಲು ಹಿಂದಿನ ಕಾಲದಲ್ಲೇ ಇನ್ನೊಂದು ಘಟನೆ ಬೇಕು: ನಾನು ಮಾಟುಂಗಕ್ಕೆ ಹೋಗಿದ್ದೆ, ಅಷ್ಟರಲ್ಲಿ ಅವರು ಮನೆಗೆ ಬಂದರು.

ಈ ತಪ್ಪು ಕನ್ನಡದವರದು ಮಾತ್ರವಲ್ಲ. ಹಿಂದಿಯ ‘ಗಯಾ ಥಾ’, ಮರಾಠಿಯ ‘ಗೇಲೋ ಹೋತೋ’ ಕೂಡ ನಮ್ಮ ‘ಹೋಗಿದ್ದೆ’ಯ ಹಾಗೆಯೇ ಒಂಟಿಯಾಗಿ ನಿಲ್ಲುತ್ತವೆ. ಮನೆಯಲ್ಲಿ ಕನ್ನಡ, ಲೋಕಲಿನಲ್ಲಿ ಹಿಂದಿ, ಸೊಸೈಟಿಯಲ್ಲಿ ಮರಾಠಿ ಆಡುವ ಮುಂಬಯಿ ಕನ್ನಡಿಗನಿಗೆ ಮೂರು ಭಾಷೆಗಳೂ ಒಂದೇ ದಿಕ್ಕಿಗೆ ತಳ್ಳುತ್ತವೆ. ಹೀಗಾಗಿ ‘ಐ ಹ್ಯಾಡ್ ಗಾನ್’, ‘ಐ ಹ್ಯಾಡ್ ಟೋಲ್ಡ್ ಯು’ ಎಂಬವು ಈ ಊರಿನ ಕಚೇರಿಗಳಲ್ಲಿ ದಿನವಿಡೀ ಕೇಳಿಸುತ್ತವೆ. ನಮ್ಮ ನಮ್ಮಲ್ಲಿ ಯಾರಿಗೂ ತೊಂದರೆಯಾಗುವುದಿಲ್ಲ. ಹೊರಗಿನವರಿಗೆ ಘಟನೆಗಳ ಕ್ರಮ ಹೇಳುವಾಗ ಮಾತ್ರ ಎಡವುತ್ತದೆ.

ಹಾಗಾದರೆ ‘ಹ್ಯಾಡ್’ ಯಾವಾಗ ಬೇಕು? ಮತ್ತೆ ಸ್ಲೋ ಲೋಕಲಿಗೆ ಹೋಗೋಣ. ನೀವು ದಾದರಿನಿಂದ ಹೊರಟು ಕ್ರಮವಾಗಿ ಹೇಳುತ್ತಾ ಬಂದರೆ ‘ಹ್ಯಾಡ್’ ಬೇಕಾಗುವುದೇ ಇಲ್ಲ: ದಾದರಿನಲ್ಲಿ ಪರ್ಸ್ ಕಳೆಯಿತು, ಮಾಟುಂಗ ದಾಟಿತು, ಕುರ್ಲಾದಲ್ಲಿ ಇಳಿದೆ. ಎಲ್ಲವೂ ಸಿಂಪಲ್ ಪಾಸ್ಟ್. ಆದರೆ ಕಥೆ ಕುರ್ಲಾಕ್ಕೆ ಬಂದು ನಿಂತ ಮೇಲೆ, ಹಿಂದಿನ ದಾದರಿನ ಮಾತು ಎತ್ತಬೇಕಾಯಿತು ಎನ್ನಿ. ‘ಕುರ್ಲಾದಲ್ಲಿ ಇಳಿದು ಜೇಬು ಮುಟ್ಟಿ ನೋಡಿದೆ. ಯಾರೋ ದಾದರಿನಲ್ಲೇ ಪರ್ಸ್ ಹಾರಿಸಿದ್ದರು.’ ಇಲ್ಲಿ ಕಥೆ ಒಂದು ಸಲ ಹಿಂದಕ್ಕೆ ತಿರುಗಿ ನೋಡಿತು. ಹಾಗೆ ತಿರುಗಿ ನೋಡಿದಾಗ ಮಾತ್ರ ‘ಹ್ಯಾಡ್’: ‘ಐ ಗಾಟ್ ಆಫ್ ಅಟ್ ಕುರ್ಲಾ. ಸಂಬಡಿ ಹ್ಯಾಡ್ ಟೇಕನ್ ಮೈ ವಾಲೆಟ್ ಅಟ್ ದಾದರ್.’ ಕನ್ನಡದ ‘ಹಾರಿಸಿದ್ದರು’ ಇಲ್ಲಿ ಇಂಗ್ಲಿಷಿನ ‘ಹ್ಯಾಡ್’ಗೆ ಸರಿಯಾಗಿ ಹೊಂದುತ್ತದೆ. ನಮ್ಮ ರೂಪ ಇಂಗ್ಲಿಷಿನದ್ದಕ್ಕಿಂತ ಹೆಚ್ಚು ಕಡೆ ಹೋಗಬಲ್ಲದು, ವ್ಯತ್ಯಾಸ ಅಷ್ಟೇ.

ವ್ಯಾಕರಣದ ಪುಸ್ತಕಗಳು ಅಪರೂಪಕ್ಕೆ ಹೇಳುವ ಇನ್ನೊಂದು ಸಂಗತಿಯಿದೆ. ಹಿಂದೆ ತಿರುಗಿದ ಮೇಲೆ ಅಲ್ಲಿಯ ಸಂಗತಿಗಳನ್ನು ನಾಲ್ಕೈದು ವಾಕ್ಯಗಳಲ್ಲಿ ಹೇಳುವುದಿದ್ದರೆ ಪ್ರತಿಯೊಂದಕ್ಕೂ ‘ಹ್ಯಾಡ್’ ಹಚ್ಚಬೇಕಾಗಿಲ್ಲ. ಮೊದಲ ಒಂದೆರಡಕ್ಕೆ ಹಚ್ಚಿದರೆ, ಕಥೆ ಹಿಂದಕ್ಕೆ ಹೋಯಿತು ಎಂದು ಕೇಳುವವರಿಗೆ ಗೊತ್ತಾಗುತ್ತದೆ. ಮುಂದಿನದನ್ನು ಸಿಂಪಲ್ ಪಾಸ್ಟಿನಲ್ಲೇ ಹೇಳಬಹುದು. ಒಳ್ಳೆಯ ಇಂಗ್ಲಿಷ್ ಕಥೆಗಾರರು ಹಾಗೆಯೇ ಮಾಡುತ್ತಾರೆ. ಸಾಲು ಸಾಲಾಗಿ ‘ಹ್ಯಾಡ್’ ಬಂದರೆ ಓದುವವರಿಗೆ ಕಲ್ಲು ಜಗಿದ ಹಾಗಾಗುತ್ತದೆ.

‘ಮುಟ್ಟುವಷ್ಟರಲ್ಲಿ’ ಎಂಬ ನಮ್ಮ ಚೆಂದದ ಮಾತಿಗೆ ಇಂಗ್ಲಿಷಿನಲ್ಲಿ ‘ಬೈ ದಿ ಟೈಮ್’ ಎಂದಿದೆ. ಇಂಥ ಕಡೆ ‘ಹ್ಯಾಡ್’ ಬಹುತೇಕ ತಾನಾಗಿಯೇ ಹಿಂಬಾಲಿಸುತ್ತದೆ. ನನ್ನ ಜುಲೈ 26ರ ಕಥೆಯ ಎರಡನೆಯ ವಾಕ್ಯ ಅದೇ: ‘ಬೈ ದಿ ಟೈಮ್ ಐ ರೀಚ್ಡ್ ದಾದರ್, ದಿ ಟ್ರೇನ್ಸ್ ಹ್ಯಾಡ್ ಸ್ಟಾಪ್ಡ್.’ ನಾನು ದಾದರ್ ಮುಟ್ಟುವಷ್ಟರಲ್ಲಿ ಮುಂದಿನ ಗಾಡಿಗಳು ನಿಂತಿದ್ದವು.

‘ಹೋಗುತ್ತಿದ್ದೆ’ಯ ಎರಡು ಅರ್ಥ

‘ನಾನು ರಾತ್ರಿ ಶಾಲೆಗೆ ಹೋಗುತ್ತಿದ್ದೆ.’ ಈ ವಾಕ್ಯಕ್ಕೆ ಎರಡು ಅರ್ಥವಿದೆ. ಆ ಹೊತ್ತಿನಲ್ಲಿ ದಾರಿಯಲ್ಲಿದ್ದೆ ಎಂಬುದು ಒಂದು. ಆ ದಿನಗಳಲ್ಲಿ ದಿನಾಲೂ ಹೋಗುವ ರೂಢಿಯಿತ್ತು ಎಂಬುದು ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ ಸಾಕು, ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಇವೆರಡನ್ನು ಬೇರೆ ಬೇರೆ ಇಡುತ್ತದೆ. ಆ ಕ್ಷಣದ್ದಾದರೆ ‘ಐ ವಾಸ್ ಗೋಯಿಂಗ್’. ರೂಢಿಯಾದರೆ ‘ಐ ಯೂಸ್ಡ್ ಟು ಗೋ’.

ನಮ್ಮ ಹಿರಿಯರ ಕಥೆಗಳಲ್ಲೆಲ್ಲ ಬರುವುದು ಈ ಎರಡನೆಯದು. ಹತ್ತು ಹನ್ನೆರಡರ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರು, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು, ಹೋಟೆಲಿನ ಬೆಂಚಿನ ಮೇಲೆಯೇ ಮಲಗುತ್ತಿದ್ದರು. ಈ ಊರಿನ ಎಷ್ಟೋ ಕನ್ನಡ ಮನೆಗಳ ಅಜ್ಜಂದಿರ ಬದುಕು ಅದು. ಮೊಮ್ಮಕ್ಕಳು ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಹಿ ವಾಸ್ ವಾಶಿಂಗ್, ಹಿ ವಾಸ್ ಗೋಯಿಂಗ್, ಹಿ ವಾಸ್ ಸ್ಲೀಪಿಂಗ್’ ಎನ್ನುತ್ತಾರೆ. ವರ್ಷಗಟ್ಟಲೆ ನಡೆದ ದುಡಿಮೆ ಒಂದೇ ಒಂದು ರಾತ್ರಿಯದ್ದು ಎಂಬಂತೆ ಕೇಳಿಸಿ, ಅಜ್ಜನ ಕಷ್ಟವೆಲ್ಲ ಕುಗ್ಗಿಹೋಗುತ್ತದೆ. ನನಗೆ ಅದು ನಿಜವಾಗಿಯೂ ನೋವು ಕೊಡುತ್ತದೆ. ‘ಮೈ ಗ್ರ್ಯಾಂಡ್‌ಫಾದರ್ ಯೂಸ್ಡ್ ಟು ವಾಶ್ ಗ್ಲಾಸಸ್ ಆಲ್ ಡೇ. ಅಟ್ ನೈಟ್ ಹಿ ವುಡ್ ಗೋ ಟು ಸ್ಕೂಲ್’ ಎಂದರೆ ಆ ವರ್ಷಗಳೆಲ್ಲ ವಾಕ್ಯದೊಳಗೆ ಬಂದು ಕೂರುತ್ತವೆ.

ಇಲ್ಲಿ ‘ವುಡ್’ ಕೂಡ ಬಂದಿದೆ ನೋಡಿ. ‘ಯೂಸ್ಡ್ ಟು’ ಎಂದು ಒಮ್ಮೆ ರೂಢಿಯ ಕಾಲವನ್ನು ನಿಲ್ಲಿಸಿದ ಮೇಲೆ, ಮುಂದಿನ ಕ್ರಿಯೆಗಳಿಗೆ ‘ವುಡ್’ ಬಳಸಬಹುದು. ಆದರೆ ಅದು ಮತ್ತೆ ಮತ್ತೆ ಮಾಡಿದ ಕೆಲಸಕ್ಕೆ ಮಾತ್ರ, ಇದ್ದ ಸ್ಥಿತಿಗೆ ಅಲ್ಲ. ‘ಇಲ್ಲಿ ಮೊದಲು ಕನ್ನಡ ಶಾಲೆಯಿತ್ತು’ ಎನ್ನಲು ‘ದೇರ್ ಯೂಸ್ಡ್ ಟು ಬಿ ಎ ಕನ್ನಡ ಸ್ಕೂಲ್ ಹಿಯರ್’ ಎಂದೇ ಹೇಳಬೇಕು.

ಯಾವುದು ಎಂದು ಅನುಮಾನ ಬಂದರೆ, ನಿಮ್ಮ ಕನ್ನಡ ವಾಕ್ಯದಲ್ಲಿ ‘ದಿನಾಲೂ’ ಎಂಬ ಪದ ಹಾಕಿ ನೋಡಿ. ಸಲೀಸಾಗಿ ಕೂತರೆ ‘ಯೂಸ್ಡ್ ಟು’. ‘ಅಷ್ಟು ಹೊತ್ತಿಗೆ’ ಎಂಬುದು ಕೂತರೆ ‘ವಾಸ್’.

ಇಲ್ಲ ಎನ್ನುವಾಗ

‘ಡಿಡ್ ನಾಟ್ ಕೇಮ್’ ಎಂಬ ತಪ್ಪಿಗೆ ನಾನು ವಿವರಣೆ ಕೊಡುವುದು ಕನ್ನಡದಿಂದಲೇ. ಬಂದ ಎಂಬುದಕ್ಕೆ ಇಲ್ಲ ಎನ್ನುವಾಗ ‘ಬಂದಲಿಲ್ಲ’ ಎನ್ನುತ್ತೇವೆಯೇ? ‘ಬರಲಿಲ್ಲ’ ಎನ್ನುತ್ತೇವೆ. ‘ಬಂದ’ ಎಂಬ ಭೂತರೂಪ ಕಳಚಿ, ಮೂಲದ ‘ಬರು’ ಹಿಂದಿರುಗುತ್ತದೆ. ಹೋದ – ಹೋಗಲಿಲ್ಲ, ಕೊಟ್ಟ – ಕೊಡಲಿಲ್ಲ, ನಕ್ಕ – ನಗಲಿಲ್ಲ. ಇಂಗ್ಲಿಷಿನಲ್ಲೂ ಅದೇ ಆಗುತ್ತದೆ. ‘ಡಿಡ್’ ಬಂತೆಂದರೆ ಭೂತಕಾಲದ ಭಾರವನ್ನೆಲ್ಲ ಅದೇ ಹೊರುತ್ತದೆ. ‘ಕೇಮ್’ ಕಳಚಿ ‘ಕಮ್’ ಉಳಿಯುತ್ತದೆ. ‘ದಿ ಕುಕ್ ಡಿಡ್ ನಾಟ್ ಕಮ್.’

ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ನೆರವಿಗೆ ಬರುವುದಿಲ್ಲ. ನಾವು ‘ಬಂದೆಯಾ?’ ಎಂದು ಭೂತರೂಪವನ್ನು ಹಾಗೆಯೇ ಇಟ್ಟು ಕೇಳುತ್ತೇವೆ. ಇಂಗ್ಲಿಷ್ ಅಲ್ಲೂ ‘ಡಿಡ್ ಯು ಕಮ್?’ ಎಂದೇ ಕೇಳುತ್ತದೆ.

ಇನ್ನೊಬ್ಬರ ಮಾತು ಕಥೆಯಲ್ಲಿ ಬಂದಾಗ

ಆ ದಿನ ಅಡುಗೆಯವರು ಫೋನ್ ಮಾಡಿದ್ದರು. ‘ಕುರ್ಲಾದಲ್ಲಿ ಸಿಕ್ಕಿಕೊಂಡಿದ್ದೇನೆ ಎಂದರು.’ ಕನ್ನಡದ ‘ಎಂದು’ ಎಂಬ ಪದ ಒಂದು ಡಬ್ಬಿಯ ಹಾಗೆ. ಅವರು ಆಡಿದ ಮಾತನ್ನು ಹಾಗೆಯೇ ಅದರೊಳಗೆ ಇಟ್ಟು ಮುಚ್ಚಬಹುದು. ಇಂಗ್ಲಿಷಿನಲ್ಲಿ ‘ಹಿ ಸೆಡ್’ ಎಂದು ಶುರುಮಾಡಿ ಅವರ ಮಾತನ್ನು ನಿಮ್ಮ ಮಾತಿನಲ್ಲಿ ಹೇಳುವಾಗ ಒಳಗಿನ ಕ್ರಿಯಾಪದವೂ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ‘ಐ ಆಮ್ ಸ್ಟಕ್’ ಎಂದದ್ದು ‘ಹಿ ಸೆಡ್ ಹಿ ವಾಸ್ ಸ್ಟಕ್’ ಆಗುತ್ತದೆ. ‘ಐ ವಿಲ್ ಕಮ್’ ಎಂದದ್ದು ‘ಹಿ ಸೆಡ್ ಹಿ ವುಡ್ ಕಮ್’ ಆಗುತ್ತದೆ.

ಮಾತಿನ ಭರದಲ್ಲಿ ಇದು ತಲೆಗೆ ಹೊಳೆಯದಿದ್ದರೆ ಅವರ ಮಾತನ್ನೇ ಅವರ ದನಿಯಲ್ಲಿ ಹೇಳಿಬಿಡಿ: ‘ಹಿ ಸೆಡ್, ಐ ಆಮ್ ಸ್ಟಕ್ ಅಟ್ ಕುರ್ಲಾ.’ ಅದರಲ್ಲಿ ತಪ್ಪೇನೂ ಇಲ್ಲ, ಕಥೆಗೆ ಜೀವವೂ ಬರುತ್ತದೆ.

ಬಾಲದ ‘ಎಡ್’ ಕೇಳಿಸಬೇಕು

ಬರೆಯುವಾಗ ಸರಿಯಿದ್ದರೂ ಮಾತಿನಲ್ಲಿ ಭೂತಕಾಲ ನುಂಗಿಹೋಗುವುದುಂಟು. ಈ ಲೇಖನದಲ್ಲಿ ‘ಸ್ಟಾಪ್ಡ್’, ‘ರೀಚ್ಡ್’ ಎಂದು ಬರೆದಿದ್ದೇನೆ. ಬಾಯಲ್ಲಿ ಅವು ‘ಸ್ಟಾಪ್ಟ್’, ‘ರೀಚ್ಟ್’. ಹಿಂದಿನ ಸದ್ದು ಕ, ಪ, ಚ, ಸ ಮುಂತಾದ ಗಡಸು ಸದ್ದಾದರೆ ಬಾಲ ‘ಟ್’ ಆಗುತ್ತದೆ. ‘ಕಾಲ್ಡ್’, ‘ರೇನ್ಡ್’ಗಳಲ್ಲಿ ‘ಡ್’ ಆಗಿಯೇ ಇರುತ್ತದೆ. ಪದದ ಕೊನೆಯಲ್ಲಿ ಟ ಅಥವಾ ಡ ಇದ್ದರೆ ಮಾತ್ರ ಇನ್ನೊಂದು ಸ್ವರ ಸೇರಿ ‘ವೇಟಿಡ್’, ‘ನೀಡಿಡ್’ ಎಂದಾಗುತ್ತದೆ. ಅಕ್ಕಪಕ್ಕ ಬಂದ ಸದ್ದುಗಳು ಒಂದನ್ನೊಂದು ಬದಲಿಸುವುದು ನಮಗೇನೂ ಹೊಸದಲ್ಲ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವ ಆದೇಶ ಸಂಧಿಯನ್ನು ಎಲ್ಲರೂ ಓದಿದ್ದೇವೆ. ‘ವಾಕೆಡ್’, ‘ಸ್ಟಾಪೆಡ್’ ಎಂದು ಎಲ್ಲದಕ್ಕೂ ಸ್ವರ ಸೇರಿಸುವವರು ಇದನ್ನೊಮ್ಮೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು.

ಉಪ್ಪಿಟ್ಟಿನ ಕಥೆ, ಎರಡನೆಯ ಸಲ

ಆ ಭಾನುವಾರ ನಾವು ಅವನ ಕಥೆಯನ್ನೇ ಹಲಗೆಯ ಮೇಲೆ ಬರೆದೆವು. ಮೊದಲು ಕನ್ನಡದಲ್ಲಿ, ಪೋಣಿಸದೆ, ಒಂದೊಂದು ಕ್ರಿಯೆಗೆ ಒಂದೊಂದು ಸಾಲು. ಮುಂದೆ ನಡೆದವುಗಳ ಕೆಳಗೆ ಗೆರೆ ಎಳೆದೆವು. ಹಿಂದೆ ಹರಡಿಕೊಂಡಿದ್ದ ಮಳೆಗೆ ಅಲೆಯಂಥ ಗೆರೆ. ಕಥೆ ಬಂದು ನಿಂತ ಹೊತ್ತಿಗಾಗಲೇ ಆಗಿಹೋಗಿದ್ದದ್ದಕ್ಕೆ ಹಿಂದಕ್ಕೆ ತಿರುಗಿದ ಬಾಣ. ಬಾಣ ಬಿದ್ದದ್ದು ಎರಡಕ್ಕೆ ಮಾತ್ರ: ಅವನು ಬರುವ ಮೊದಲೇ ಗಾಡಿಗಳು ನಿಂತಿದ್ದವು, ಎಂಟು ಗಂಟೆ ಹೊಡೆಯುವಷ್ಟರಲ್ಲಿ ಜನ ಒಳಗೆ ಬಂದಿದ್ದರು. ಸಂದರ್ಶನದಲ್ಲಿ ಅವನು ಹೇಳಿದ್ದ ‘ಹ್ಯಾಡ್ ಗಾನ್’ಗೆ ಬಾಣ ಬೀಳಲಿಲ್ಲ. ಅದಕ್ಕಿಂತ ಮುಂದೆ ಒರಗಿಕೊಳ್ಳಲು ಯಾವ ಘಟನೆಯೂ ಇರಲಿಲ್ಲ. ಅವನೇ ಎದ್ದು ಬಂದು ಅದನ್ನು ಅಳಿಸಿದ.

ಆಮೇಲೆ ನಿಂತುಕೊಂಡೇ, ನಿಧಾನವಾಗಿ, ಇಡೀ ಕಥೆ ಹೇಳಿದ:

‘ಐ ರೀಚ್ಡ್ ದಿ ಹೋಟೆಲ್ ಅಟ್ ಸಿಕ್ಸ್. ಇಟ್ ವಾಸ್ ರೇನಿಂಗ್ ಹೆವಿಲಿ. ದಿ ಟ್ರೇನ್ಸ್ ಹ್ಯಾಡ್ ಸ್ಟಾಪ್ಡ್, ಸೋ ದಿ ಕುಕ್ ಡಿಡ್ ನಾಟ್ ಕಮ್. ಹಿ ಕಾಲ್ಡ್ ಅಂಡ್ ಸೆಡ್ ಹಿ ವಾಸ್ ಸ್ಟಕ್ ಅಟ್ ಕುರ್ಲಾ. ಬೈ ಏಟ್, ಫಾರ್ಟಿ ಪೀಪಲ್ ಹ್ಯಾಡ್ ಕಮ್ ಇನ್. ದೆ ವರ್ ಶಿವರಿಂಗ್. ಐ ಲಾಕ್ಡ್ ದಿ ಕ್ಯಾಶ್ ಬಾಕ್ಸ್, ಲಿಟ್ ದಿ ಸ್ಟೋವ್ ಅಂಡ್ ಮೇಡ್ ಉಪ್ಪಿಟ್ಟು ಫಾರ್ ಎವ್ರಿವನ್.’

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗಿ ಕೈ ಎತ್ತಿದಳು. ‘ಹಣ ತೆಗೆದುಕೊಂಡೆಯಾ?’ ಎಂದು ಕನ್ನಡದಲ್ಲಿ ಕೇಳಿದಳು.

ಅವನು ಒಂದು ಕ್ಷಣ ಯೋಚಿಸಿ, ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ: ‘ನೋ. ಐ ಡಿಡ್ ನಾಟ್ ಟೇಕ್.’